ಶೋಲಾ ಕಾಡಿನ ಕಪ್ಪು-ಕಿತ್ತಳೆ ನೊಣಹಿಡುಕವನ್ನು ಕಾಣುವ ಬಗೆ

ನೀಲಗಿರಿಗೆ ಹೋಗಿ ಬಂದ ಪಕ್ಷಿಪ್ರಿಯರಲ್ಲಿ ಹಲವರು ಒಂದೇ ಮಾತನ್ನು ಹೇಳುತ್ತಾರೆ: ಎರಡು ದಿನ ಕುತ್ತಿಗೆ ನೋಯುವಷ್ಟು ಮರಗಳನ್ನು ನೋಡಿದೆವು, ಆ ಕಿತ್ತಳೆ ಬಣ್ಣದ ಪುಟ್ಟ ಹಕ್ಕಿ ಮಾತ್ರ ಸಿಗಲಿಲ್ಲ. ಕುತ್ತಿಗೆ ನೋಯುವಂತೆ ನೋಡಿದ್ದೇ ಅದು ಸಿಗದಿರಲು ಕಾರಣವೆಂದು ನಾನು ಅವರಿಗೆ ತಿಳಿಸುತ್ತೇನೆ. ಕಪ್ಪು-ಕಿತ್ತಳೆ ನೊಣಹಿಡುಕ ಮರದ ತುದಿಯ ಹಕ್ಕಿಯಲ್ಲ. ಅದರ ಬದುಕೆಲ್ಲ ನಮ್ಮ ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲಿ, ಜರಿಗಿಡ, ಗುರಿಗೆ (ಕುರಿಂಜಿ ಬಗೆಯ ಪೊದೆಗಿಡ) ಮತ್ತು ಒಣಗಿದ ಕಡ್ಡಿಗಳ ನಡುವೆ ನಡೆಯುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ಅದು ಕಾಣಸಿಗುವ ಸಾಧ್ಯತೆ ಬಹಳ ಹೆಚ್ಚು. ಹಕ್ಕಿಗೂ ಅದರ ಕಾಡಿಗೂ ತೊಂದರೆಯಾಗದಂತೆ ಅದನ್ನು ಹೇಗೆ ಹುಡುಕಬೇಕು, ಹೇಗೆ ಗುರುತಿಸಬೇಕು, ಎದುರಿಗೆ ಬಂದಾಗ ಹೇಗೆ ವರ್ತಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ಹಕ್ಕಿಯ ಗುರುತನ್ನು ಮನದಟ್ಟು ಮಾಡಿಕೊಳ್ಳಿ

ಈ ಹಕ್ಕಿಯ ವೈಜ್ಞಾನಿಕ ಹೆಸರು ಫಿಸೆಡುಲಾ ನೈಗ್ರೋರೂಫಾ. ಮದರಾಸು ಪ್ರಾಂತ್ಯದಲ್ಲಿ ಸೇನಾ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1839ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಹೆಸರಿನ ಎರಡನೆಯ ಪದದಲ್ಲಿ ಕಪ್ಪು ಮತ್ತು ಕೆಂಗಂದು ಎಂಬ ಎರಡು ಲ್ಯಾಟಿನ್ ಪದಗಳು ಸೇರಿಕೊಂಡಿವೆ, ಹಕ್ಕಿಯ ವರ್ಣನೆಯೂ ಹೆಚ್ಚುಕಡಿಮೆ ಅಷ್ಟೇ. ಗಂಡಿನ ತಲೆ, ಕೆನ್ನೆ ಮತ್ತು ರೆಕ್ಕೆ ಕಡುಗಪ್ಪು. ಬೆನ್ನು, ಎದೆ, ಬಾಲ ಎಲ್ಲವೂ ಹಣ್ಣಾದ ಕಿತ್ತಳೆಯ ಬಣ್ಣ, ಹೊಟ್ಟೆಯ ಕೆಳಭಾಗದಲ್ಲಿ ಮಾತ್ರ ಆ ಬಣ್ಣ ತಿಳಿಯಾಗುತ್ತದೆ. ಗುಬ್ಬಚ್ಚಿಗಿಂತ ಚಿಕ್ಕದಾದ ಈ ಹಕ್ಕಿ ಸುಮಾರು 11ರಿಂದ 13 ಸೆಂಟಿಮೀಟರ್ ಉದ್ದವಿರುತ್ತದೆ.

ಹೆಣ್ಣಿನ ಬಗ್ಗೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಹೊಸಬರು ಅದನ್ನು ಕಂಡೂ ಬೇರೇನೋ ಹಕ್ಕಿ ಎಂದು ಬಿಟ್ಟುಬಿಡುತ್ತಾರೆ. ಗಂಡಿನಲ್ಲಿ ಕಪ್ಪಾಗಿರುವ ಭಾಗಗಳೆಲ್ಲ ಹೆಣ್ಣಿನಲ್ಲಿ ಹಸಿರು ಬೆರೆತ ಕಂದು ಬಣ್ಣದ್ದಾಗಿರುತ್ತವೆ, ಕಿತ್ತಳೆಯೂ ಒಂದಿಷ್ಟು ಮಂಕು. ಕಣ್ಣಿನ ಸುತ್ತ ಇರುವ ತೆಳುಬಣ್ಣದ ಉಂಗುರ ಅದಕ್ಕೆ ಸದಾ ಬೆರಗಿನಿಂದ ನೋಡುತ್ತಿರುವಂಥ ಮುಖಭಾವವನ್ನು ಕೊಡುತ್ತದೆ. ಗಂಡಿನ ಮುಖದಲ್ಲಿ ಕರಿ ಗರಿಗಳ ನಡುವೆ ಕರಿ ಕಣ್ಣು ಕಾಣದೆ ಹೋಗುವುದರಿಂದ, ಹೆಣ್ಣು ಕೊಂಬೆಯ ಮೇಲೆ ಕುಳಿತು ನಮ್ಮತ್ತ ತಿರುಗಿದಾಗಲೇ ಈ ಜಾತಿಯ ಹಕ್ಕಿಯ ಮುಖ ಸರಿಯಾಗಿ ಪರಿಚಯವಾಗುತ್ತದೆ ಎಂಬುದು ನನ್ನ ಅನುಭವ.

ಇದರೊಂದಿಗೆ ಗೊಂದಲ ಹುಟ್ಟಿಸುವ ಹಕ್ಕಿಗಳು ಹೆಚ್ಚಿಲ್ಲ. ಕಿತ್ತಳೆ ಮಿನಿವೆಟ್‌ನ ಗಂಡಿನಲ್ಲಿಯೂ ಕಪ್ಪು ಮತ್ತು ಉರಿಗಿತ್ತಳೆಯ ಜೋಡಣೆಯಿದೆ, ಆದರೆ ಅದು ಉದ್ದ ಬಾಲದ ಹಕ್ಕಿ, ಗುಂಪಿನಲ್ಲಿ ಮರದ ನೆತ್ತಿಯ ಮೇಲೆ ಹಾರಾಡುತ್ತಿರುತ್ತದೆ. ಚಳಿಗಾಲದಲ್ಲಿ ನೀಲಗಿರಿಗೆ ವಲಸೆ ಬರುವ ಕಾಶ್ಮೀರ ನೊಣಹಿಡುಕದ ಎದೆ ಇಟ್ಟಿಗೆಗೆಂಪಾಗಿದ್ದರೂ ಬೆನ್ನು ಬೂದುಗಂದು. ಬೆನ್ನೂ ಬಾಲವೂ ಕಿತ್ತಳೆಯಾಗಿವೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ. ಅದೇ ಕಾಡಿನ ನೀಲಗಿರಿ ನೊಣಹಿಡುಕ ಮೈತುಂಬ ಕಡುನೀಲಿ, ಮತ್ತು ಇದಕ್ಕಿಂತ ಎತ್ತರದ ಕೊಂಬೆಗಳನ್ನು ಇಷ್ಟಪಡುತ್ತದೆ.

ಎಲ್ಲಿ ಹುಡುಕಬೇಕು

ಇದು ಪಶ್ಚಿಮ ಘಟ್ಟಗಳ ದಕ್ಷಿಣದ ಎತ್ತರದ ಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲದ ಹಕ್ಕಿ. ನೀಲಗಿರಿ, ಪಳನಿ ಬೆಟ್ಟಗಳು, ಮುನ್ನಾರ್ ಸುತ್ತಲಿನ ಎತ್ತರದ ಪ್ರದೇಶ ಇದರ ಮುಖ್ಯ ನೆಲೆಗಳು. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಮೇಲ್ಭಾಗದ ಕಾಡುಗಳಿಂದಲೂ ಇದರ ದಾಖಲೆಗಳಿವೆ. ಮೊದಲ ಸಲ ಹುಡುಕುವವರಿಗೆ ನೀಲಗಿರಿಯೇ ಅನುಕೂಲ: ಸುಮಾರು 2,240 ಮೀಟರ್ ಎತ್ತರದಲ್ಲಿರುವ ಊಟಿ, 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಕೋಟಗಿರಿಯ ಬಳಿಯ ಲಾಂಗ್‌ವುಡ್ ಶೋಲಾ ಇವೆಲ್ಲ ರಸ್ತೆಯಿಂದ ದೂರವಿಲ್ಲದ ಜಾಗಗಳು. ದೊಡ್ಡಬೆಟ್ಟ ಎಂಬ ಹೆಸರನ್ನು ಓದುವಾಗ ಕನ್ನಡಿಗರಿಗೆ ಅರ್ಥ ಹುಡುಕುವ ಅಗತ್ಯವೂ ಬೀಳುವುದಿಲ್ಲ, ನೀಲಗಿರಿಯಲ್ಲಿ ನೆಲೆಸಿರುವ ಬಡಗ ಜನರ ನಾಡಿನ ಊರುಗಳ ಹೆಸರುಗಳಲ್ಲಿ ನಮ್ಮ ಕಿವಿಗೆ ಪರಿಚಿತವಾದ ಸದ್ದುಗಳು ಬಹಳ ಇವೆ.

ಜಿಲ್ಲೆಯನ್ನು ಆರಿಸಿಕೊಳ್ಳುವುದಕ್ಕಿಂತ ಕಾಡಿನ ಬಗೆಯನ್ನು ಗುರುತಿಸುವುದು ಮುಖ್ಯ. ಈ ಬೆಟ್ಟಗಳ ತಲೆಯ ಮೇಲೆ ಹುಲ್ಲುಗಾವಲು, ಅವುಗಳ ನಡುವಿನ ಮಡಿಕೆಗಳಲ್ಲಿ ತೊರೆಗಳಿಗೆ ಅಂಟಿಕೊಂಡ ಕುಳ್ಳನೆಯ ನಿತ್ಯಹರಿದ್ವರ್ಣದ ಕಾಡು ಇರುತ್ತದೆ. ತೋಪು ಎಂಬ ಅರ್ಥದ ತಮಿಳಿನ ಸೋಲೈ ಎಂಬ ಪದದಿಂದ ಈ ಕಾಡಿಗೆ ಶೋಲಾ ಎಂಬ ಹೆಸರು ಬಂದಿದೆ. ಗಂಟುಗಂಟಾದ ಕಾಂಡಗಳು, ಅವುಗಳ ಮೇಲೆ ಪಾಚಿ ಮತ್ತು ಕಲ್ಲುಹೂವು, ಚಿಗುರುವಾಗ ಕೆಂಪಾಗುವ ಎಲೆಗಳು, ನೆಲದ ಮೇಲೆ ಕಾಲು ಹೂತುಹೋಗುವಷ್ಟು ತರಗೆಲೆ, ಇವಿಷ್ಟನ್ನು ಕಂಡರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ. ನೀಲಗಿರಿಯ ಬಹುಪಾಲು ಹಸಿರು ಈ ಹಕ್ಕಿಗೆ ಮನೆಯಲ್ಲ. ಹತ್ತೊಂಬತ್ತನೆಯ ಶತಮಾನದಿಂದ ನೆಟ್ಟುಕೊಂಡು ಬಂದ ನೀಲಗಿರಿ ಮರ, ವ್ಯಾಟಲ್, ಪೈನ್ ತೋಪುಗಳು ದೂರದಿಂದ ಕಾಡಿನಂತೆಯೇ ಕಾಣುತ್ತವೆ, ಒಳಗೆ ಹೋಗಿ ನೋಡಿದರೆ ಹಕ್ಕಿ ಕುಳಿತು ಬೇಟೆಯಾಡುವಂಥ ಕೆಳಪೊದೆ ಅಲ್ಲಿ ತೀರಾ ಕಡಿಮೆ. ಸರಳವಾದ ಒಂದು ಪರೀಕ್ಷೆಯಿದೆ: ಮರಗಳ ನಡುವೆ ಅಡ್ಡಾದಿಡ್ಡಿ ಆರಾಮವಾಗಿ ನಡೆದಾಡಲು ಸಾಧ್ಯವಿದ್ದರೆ ಅದು ಈ ಹಕ್ಕಿಯ ಕಾಡಾಗಿರುವುದು ಅಪರೂಪ.

ಶೋಲಾ ಸಿಕ್ಕಿದ ಮೇಲೆ ಅದರ ಅಂಚನ್ನು, ತೊರೆಯ ದಂಡೆಯನ್ನು ಮತ್ತು ಹಳೆಯ ಕಾಲುದಾರಿಯ ಇಕ್ಕೆಲಗಳನ್ನು ಆರಿಸಿಕೊಳ್ಳಿ. ದಟ್ಟ ಪೊದೆಯ ಪಕ್ಕದಲ್ಲಿ ಒಂದೆರಡು ಮೀಟರ್ ಬಯಲಿದ್ದು, ಅಲ್ಲಿ ತರಗೆಲೆ ಬಿದ್ದಿದ್ದರೆ ಹಕ್ಕಿಗೆ ಬೇಟೆಗೆ ಹೇಳಿ ಮಾಡಿಸಿದ ಅಂಗಳ.

ಯಾವಾಗ ಹೋಗಬೇಕು, ಏನನ್ನು ಒಯ್ಯಬೇಕು

ಇದು ವಲಸೆ ಹೋಗದ ಹಕ್ಕಿಯಾದ್ದರಿಂದ ವರ್ಷದ ಯಾವ ತಿಂಗಳಲ್ಲಿಯೂ ಅಲ್ಲಿಯೇ ಇರುತ್ತದೆ. ಆದರೆ ಜೂನ್‌ನಿಂದ ಮುಂಗಾರು, ಅದು ಮುಗಿದ ಮೇಲೆ ಅಕ್ಟೋಬರ್-ನವೆಂಬರ್‌ನಲ್ಲಿ ಈಶಾನ್ಯ ಮಾರುತದ ಮಳೆ ಸುರಿಯುವುದರಿಂದ ನೋಡುವವರಿಗೆ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಕಾಲವೇ ಹಿತ. ಮಾರ್ಚ್‌ನಿಂದ ಮೇವರೆಗೆ ಸಂತಾನದ ಕಾಲ. ಆಗ ಗಂಡು ತನ್ನ ಎಲ್ಲೆಯನ್ನು ಕಾಯುತ್ತ ಹಾಡುವುದರಿಂದ ಪತ್ತೆ ಸುಲಭ, ಹಾಗೆಯೇ ನಮ್ಮ ಹೊಣೆಯೂ ಆಗ ಹೆಚ್ಚು. ಡಿಸೆಂಬರ್ ಮತ್ತು ಜನವರಿಯಲ್ಲಿ ತಗ್ಗಿನ ಹುಲ್ಲುಗಾವಲುಗಳ ಮೇಲೆ ಹಿಮ ಕಟ್ಟುವಷ್ಟು ಚಳಿಯಿರುತ್ತದೆ, ಕೀಟಗಳು ಚುರುಕಾಗಲು ಬಿಸಿಲು ತಾಗಬೇಕು. ಆದ್ದರಿಂದ ಆ ತಿಂಗಳುಗಳಲ್ಲಿ ನಸುಕಿನಲ್ಲಿಯೇ ಹೋಗಿ ನಡುಗುತ್ತ ನಿಲ್ಲುವುದಕ್ಕಿಂತ, ಬೆಳಿಗ್ಗೆ ಏಳೂವರೆಯ ಮೇಲೆ, ಕಾಡಿನ ಅಂಚಿಗೆ ಮೊದಲ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದು.

ದುರ್ಬೀನು 8x42 ಅಳತೆಯದಾದರೆ ಸಾಕು. ಶೋಲಾದೊಳಗೆ ಹಗಲಿನಲ್ಲಿಯೂ ಮಬ್ಬುಗತ್ತಲು ಇರುವುದರಿಂದ 42 ಮಿಲಿಮೀಟರ್‌ನ ಗಾಜು ಒಳಬಿಡುವ ಬೆಳಕು ಬೇಕು, 10 ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಕಾಣುವ ವಲಯ ಕಿರಿದಾಗಿ ಪೊದೆಯೊಳಗಿನ ಹಕ್ಕಿ ಬೇಗ ತಪ್ಪಿಹೋಗುತ್ತದೆ. ಕೊಳ್ಳುವಾಗ ಇನ್ನೊಂದು ವಿಷಯವನ್ನು ವಿಚಾರಿಸಿ: ಎರಡೂವರೆ ಮೀಟರ್ ದೂರದ ವಸ್ತುವೂ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ಈ ಹಕ್ಕಿ ಎಷ್ಟೋ ಸಲ ಅಷ್ಟು ಹತ್ತಿರಕ್ಕೇ ಬರುತ್ತದೆ.

ಮಾಸಲು ಹಸಿರು ಅಥವಾ ಕಂದು ಬಟ್ಟೆ, ಸದ್ದು ಮಾಡದ ಮೇಲಂಗಿ, ತೇವವಿರುವ ದಿನಗಳಿಗೆ ಜಿಗಣೆ ಏರದಂತೆ ಮೊಣಕಾಲಿನವರೆಗೆ ಬರುವ ಕಾಲುಚೀಲ, ಒಂದು ಸಣ್ಣ ನೋಟುಪುಸ್ತಕ ಮತ್ತು ಪೆನ್ಸಿಲ್ ಇರಲಿ. ಸಂರಕ್ಷಿತ ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹೊರಡುವ ಮೊದಲೇ ಅದನ್ನು ಪಡೆದುಕೊಳ್ಳಿ. 2024ರ ಮೇ ತಿಂಗಳಿನಿಂದ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ವ್ಯವಸ್ಥೆ ಬಂದಿದೆ, ಹೊರಡುವ ವಾರದಲ್ಲಿ ಅದರ ನಿಯಮಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಶೋಲಾದ ಅಂಚುಗಳು ಕಾಟಿಗಳಿಗೂ, ಅಂದರೆ ಕಾಡುಕೋಣಗಳಿಗೂ, ಪ್ರಿಯವಾದ ಜಾಗ. ಇಷ್ಟು ದೊಡ್ಡ ಪ್ರಾಣಿ ಪೊದೆಯ ಹಿಂದೆ ಸದ್ದಿಲ್ಲದೆ ನಿಂತಿರಬಲ್ಲದು. ಒಬ್ಬರೇ ಹೋಗಬೇಡಿ, ಸ್ಥಳೀಯ ದಾರಿ ಬಲ್ಲವರೊಬ್ಬರು ಜೊತೆಗಿರಲಿ, ಕಾಟಿ ಕಂಡರೆ ಹಕ್ಕಿಯ ಆಸೆಯನ್ನು ಆ ದಿನಕ್ಕೆ ಬಿಟ್ಟು ಬಂದ ದಾರಿಯಲ್ಲಿ ಹಿಂದಕ್ಕೆ ಸರಿಯಿರಿ.

ನಿಲ್ಲುವ ಕ್ರಮ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದೂ ಹೆಚ್ಚಿನವರು ಮಾಡದೆ ಬಿಡುವುದೂ ಇದೇ. ಜಾಗ ಸಿಕ್ಕಿದ ಕೂಡಲೇ ಮರದ ಕಾಂಡಕ್ಕೆ ಬೆನ್ನು ಕೊಟ್ಟು ನಿಲ್ಲಿ, ಇಲ್ಲವೇ ಕುಳಿತುಕೊಳ್ಳಿ. ಕುಳಿತರೆ ಇನ್ನೂ ಲೇಸು, ಏಕೆಂದರೆ ನಿಮ್ಮ ಕಣ್ಣು ಹಕ್ಕಿ ಓಡಾಡುವ ಎತ್ತರಕ್ಕೇ ಇಳಿದಿರುತ್ತದೆ. ಇಪ್ಪತ್ತು ನಿಮಿಷ ಅಲ್ಲಿಂದ ಕದಲಬೇಡಿ. ನೀವು ಬರುವಾಗ ಆದ ಕಾಲಸಪ್ಪಳಕ್ಕೆ ಪೊದೆಯೊಳಗೆ ಸರಿದ ಹಕ್ಕಿಗಳು ಮತ್ತೆ ತಮ್ಮ ಕೆಲಸಕ್ಕೆ ಮರಳಲು ಅಷ್ಟು ಹೊತ್ತು ಬೇಕಾಗುತ್ತದೆ. ಈ ನೊಣಹಿಡುಕ ಹಲವು ಜಾತಿಗಳ ಹಕ್ಕಿಗಳು ಕೂಡಿ ಸಾಗುವ ಬೇಟೆಯ ಗುಂಪುಗಳೊಂದಿಗೆ ಸೇರುವುದು ಕಡಿಮೆ, ಒಂಟಿಯಾಗಿ ಅಥವಾ ಜೋಡಿಯಾಗಿ ತನ್ನ ತುಂಡು ನೆಲದಲ್ಲಿಯೇ ಸುತ್ತುತ್ತಿರುತ್ತದೆ. ಹಾಗಾಗಿ ಅದನ್ನು ಅರಸಿಕೊಂಡು ಕಿಲೋಮೀಟರುಗಟ್ಟಲೆ ನಡೆಯುವುದರಿಂದ ಲಾಭವಿಲ್ಲ, ಅದು ನಿಮ್ಮ ಬಳಿಗೆ ಸುತ್ತು ಬರುವಂತೆ ಕಾಯಬೇಕು.

ಕಾಯುವಾಗ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಿ. ಇದರ ಹಾಡು ತೆಳ್ಳಗಿನ, ಎತ್ತರದ ದನಿಯ, ಲೋಹದ ತಂತಿಯನ್ನು ಮೀಟಿದಂಥ ಸಿಳ್ಳೆ. ಕಾಡಿಗೆ ಹೊಸಬರಾದವರು ಅದನ್ನು ಯಾವುದೋ ಕೀಟದ ಸದ್ದೆಂದು ತಿಳಿಯುತ್ತಾರೆ. ನೆಲದ ಹತ್ತಿರದಿಂದ, ಒಂದೇ ದಿಕ್ಕಿನಿಂದ ಅಂಥ ಸದ್ದು ಮತ್ತೆ ಮತ್ತೆ ಬಂದರೆ ತಲೆಯನ್ನು ಮಾತ್ರ ನಿಧಾನವಾಗಿ ಅತ್ತ ತಿರುಗಿಸಿ. ಗಾಬರಿಗೊಂಡಾಗ ಅದು ಚಿಟಿಕೆ ಹೊಡೆದಂತೆ "ಜಿಟ್, ಜಿಟ್" ಎಂದು ಕೂಗುತ್ತದೆ. ಈ ಎರಡನೆಯ ಸದ್ದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ನಾನು ಮೊದಲ ಸಲ ಇದನ್ನು ಕಂಡಿದ್ದು ಕೋಟಗಿರಿಯ ಬಳಿ, ಫೆಬ್ರವರಿಯ ಒಂದು ಬೆಳಿಗ್ಗೆ. ಅದಕ್ಕೂ ಮುಂಚಿನ ಎರಡು ದಿನ ನಡೆದು ನಡೆದು ಸೋತಿದ್ದೆ; ಆ ದಿನ ಕಾಲು ನೋವಿಗೆ ಬಿದ್ದ ಮರವೊಂದರ ಮೇಲೆ ಕುಳಿತಿದ್ದೆನೇ ಹೊರತು ಯಾವ ಜಾಣತನದಿಂದಲೂ ಅಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾಲ್ಕು ಮೀಟರ್ ಆಚೆ, ಒಣಗಿದ ಜರಿಗಿಡದ ದಂಟಿನ ಮೇಲೆ ಕೆಂಡವೊಂದು ಬಂದು ಕೂತಂತಾಯಿತು. ದಂಟು ಬಾಗಿ ಎರಡು ಸಲ ತೂಗಿತು. ಹಕ್ಕಿ ತಲೆಯನ್ನು ಓರೆ ಮಾಡಿ ನೆಲವನ್ನು ನೋಡಿತು, ಥಟ್ಟನೆ ತರಗೆಲೆಯ ಮೇಲೆ ಬಿದ್ದು, ಎಲೆಯೊಂದನ್ನು ಸರಿಸದೆಯೇ ಅದರ ಅಂಚಿನಿಂದ ತೆಳುಹಸಿರಿನ ಹುಳವನ್ನು ಕಿತ್ತು, ಅದೇ ದಂಟಿಗೆ ಹೋಗದೆ ಪಕ್ಕದ ಗುರಿಗೆಯ ಕಡ್ಡಿಗೆ ಏರಿತು. ಅಲ್ಲಿ ಹುಳವನ್ನು ಕಡ್ಡಿಗೆ ಒಮ್ಮೆ ಒರೆಸಿ ನುಂಗಿತು. ಬಿಸಿಲಿನ ಒಂದು ಕೋಲು ಅದರ ಬೆನ್ನಿನ ಮೇಲೆ ಬಿದ್ದಾಗ ಕಿತ್ತಳೆ ಬಣ್ಣ ಒಳಗಿನಿಂದ ಬೆಳಗಿದಂತೆ ಕಂಡಿತು, ನೆರಳಿಗೆ ಸರಿದ ಕೂಡಲೇ ಅದೇ ಬೆನ್ನು ಒಣ ಜರಿಯ ಬಣ್ಣಕ್ಕೆ ಬೆರೆತುಹೋಯಿತು. ಇಷ್ಟು ಉಜ್ವಲವಾದ ಹಕ್ಕಿಯನ್ನು ಜನ ಹೇಗೆ ಕಾಣದೆ ಹೋಗುತ್ತಾರೆ ಎಂಬುದಕ್ಕೆ ನನಗೆ ಆ ಕ್ಷಣ ಉತ್ತರ ಸಿಕ್ಕಿತು.

ಅದರ ಬೇಟೆಯ ಕ್ರಮ ಹೆಚ್ಚುಕಡಿಮೆ ಯಾವಾಗಲೂ ಹೀಗೆಯೇ. ತಗ್ಗಿನ ಕಡ್ಡಿಯ ಮೇಲೆ ಕುಳಿತು, ನೆಲಕ್ಕೆ ಇಳಿದು ಅಥವಾ ಗಾಳಿಯಲ್ಲಿ ಒಂದೆರಡು ಅಡಿ ಚಿಮ್ಮಿ ಕೀಟವನ್ನು ಹಿಡಿದು, ಸಮೀಪದ ಇನ್ನೊಂದು ಕಡ್ಡಿಗೆ ಹೋಗುತ್ತದೆ. ಆದ್ದರಿಂದ ಹಕ್ಕಿ ಮಾಯವಾದರೆ ದುರ್ಬೀನನ್ನು ಕೆಳಗಿಳಿಸಿ, ಬರಿಗಣ್ಣಿನಿಂದ ಅದೇ ಎತ್ತರದಲ್ಲಿ ಎಡಕ್ಕೂ ಬಲಕ್ಕೂ ಐದಾರು ಮೀಟರ್ ನೋಡಿ. ಮರದ ಮೇಲೆ ಹುಡುಕಬೇಡಿ.

ಚಿತ್ರ ತೆಗೆಯುವವರಿಗೆ

ಕ್ಯಾಮೆರಾದ ವಿಚಾರದಲ್ಲಿ ಹೇಳಬೇಕಾದ್ದು ಸ್ವಲ್ಪವೇ. ಫ್ಲಾಶ್ ಬೇಡ. ಬೆಳಕು ಕಡಿಮೆಯಿರುವುದರಿಂದ ಐಎಸ್‌ಒವನ್ನು 1600ರಿಂದ 3200ರವರೆಗೆ ಏರಿಸಿ, ಶಟರ್ ವೇಗ 1/250ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ಫೋಕಸ್ ಕಡ್ಡಿಗಳಿಗೆ ಸಿಕ್ಕಿಕೊಳ್ಳದಂತೆ ಒಂದೇ ಬಿಂದುವನ್ನು ಆರಿಸಿಕೊಳ್ಳಿ. ಗಂಡಿನ ಕರಿ ತಲೆಯಲ್ಲಿ ಕಣ್ಣು ಮೂಡಬೇಕಾದರೆ ಅದು ಆಕಾಶದ ತೆರಪಿನತ್ತ ಮುಖ ಎತ್ತುವವರೆಗೆ ಕಾಯಬೇಕು, ಆಗ ಕಣ್ಣಿನಲ್ಲಿ ಬೆಳಕಿನ ಚುಕ್ಕೆಯೊಂದು ಹೊಳೆಯುತ್ತದೆ.

ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ನುಡಿಸಿ ಹಕ್ಕಿಯನ್ನು ಹೊರಗೆಳೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಇದರಲ್ಲಿ ರಿಯಾಯಿತಿಯನ್ನೂ ತೋರಿಸಲಾರೆ. ತನ್ನ ಎಲ್ಲೆಗೆ ಬೇರೊಂದು ಗಂಡು ನುಗ್ಗಿದೆಯೆಂದು ನಂಬಿ ಆ ಹಕ್ಕಿ ಬೇಟೆಯನ್ನೂ ಮರಿಗಳನ್ನೂ ಬಿಟ್ಟು ಓಡಿಬರುತ್ತದೆ. ಒಂದೇ ಕಾಲುದಾರಿಯಲ್ಲಿ ದಿನಕ್ಕೆ ಹತ್ತು ಗುಂಪುಗಳು ಹೀಗೆ ಮಾಡಿದರೆ ಅದಕ್ಕೆ ಉಳಿಯುವ ಹೊತ್ತೆಷ್ಟು?

ಗೂಡಿನ ಹತ್ತಿರ ಬಂದಿದ್ದೀರೆಂದು ತಿಳಿಯುವುದು ಹೇಗೆ

ಈ ಹಕ್ಕಿಯ ಗೂಡು ಒಣ ಎಲೆ, ಹುಲ್ಲು ಮತ್ತು ಜರಿಯ ಗರಿಗಳನ್ನು ಸೇರಿಸಿ ಕಟ್ಟಿದ ಚೆಂಡಿನಂಥ ರಚನೆ. ನೆಲದಿಂದ ಬಹಳ ಎತ್ತರವಿಲ್ಲದ ಪೊದೆಯಲ್ಲಿ ಅದು ಇರುವುದರಿಂದ, ಗಾಳಿಗೆ ಬಂದು ಸಿಕ್ಕಿಕೊಂಡ ತರಗೆಲೆಯ ಮುದ್ದೆಯೆಂದೇ ತೋರುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆಗಳು. ಕೈಯಿಂದ ಪೊದೆ ಸರಿಸುವವರು, ಫೋಟೋಗಾಗಿ ದಾರಿ ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಇಡುವವರು ಅದನ್ನು ನೋಡದೆಯೇ ತುಳಿದುಬಿಡಬಹುದು. ಮಾರ್ಚ್‌ನಿಂದ ಮೇವರೆಗೆ ದಾರಿಯನ್ನು ಬಿಟ್ಟು ಇಳಿಯಲೇಬಾರದು ಎಂಬ ನಿಯಮವನ್ನು ನಾನು ಇಟ್ಟುಕೊಂಡಿರುವುದು ಇದರಿಂದಲೇ.

ಹಕ್ಕಿಯೇ ನಮಗೆ ಸೂಚನೆ ಕೊಡುತ್ತದೆ. "ಜಿಟ್, ಜಿಟ್" ಎಂಬ ಕೂಗು ನಿಲ್ಲದೆ ಬರುತ್ತಿದ್ದರೆ, ಅಥವಾ ಕೊಕ್ಕಿನಲ್ಲಿ ಹುಳವನ್ನು ಹಿಡಿದುಕೊಂಡು ನುಂಗದೆ ಕಡ್ಡಿಯಿಂದ ಕಡ್ಡಿಗೆ ಹಾರುತ್ತ ನಿಮ್ಮನ್ನೇ ನೋಡುತ್ತಿದ್ದರೆ, ಗೂಡು ಹತ್ತಿರದಲ್ಲಿದೆ ಮತ್ತು ನೀವು ಅದರ ದಾರಿಗೆ ಅಡ್ಡ ನಿಂತಿದ್ದೀರಿ ಎಂದರ್ಥ. ಗೂಡು ಎಲ್ಲಿದೆಯೆಂದು ಹುಡುಕದೆ, ಬಂದ ಹೆಜ್ಜೆಯಲ್ಲಿಯೇ ಹಿಂದೆ ಸರಿದು, ಆ ಕೂಗು ನಿಲ್ಲುವಷ್ಟು ದೂರ ಹೋಗಿ. ಗೂಡಿನ ಸ್ಥಳವನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳಬೇಡಿ.

ಶೋಲಾದ ಅಂಚಿನಲ್ಲಿ ಜಮೀನಿರುವವರು ಮಾಡಬಹುದಾದದ್ದು

ನೋಡಿ ಬರುವವರಿಗಿಂತ ಅಲ್ಲಿಯೇ ತೋಟ, ಮನೆ ಅಥವಾ ವಸತಿಗೃಹ ಇಟ್ಟುಕೊಂಡವರ ಕೈಯಲ್ಲಿ ಈ ಹಕ್ಕಿಯ ಕ್ಷೇಮ ಹೆಚ್ಚಾಗಿದೆ. ಕಾಡಿಗೆ ತಾಗಿದ ಎಲ್ಲೆಯನ್ನು ಚೊಕ್ಕಟ ಮಾಡುವ ಹೆಸರಿನಲ್ಲಿ ಕೆಳಪೊದೆಯನ್ನು ಸವರಿಹಾಕುವುದು ಸರ್ವೇಸಾಮಾನ್ಯ. ಮರಗಳೆಲ್ಲ ಹಾಗೆಯೇ ನಿಂತಿರುವುದರಿಂದ ಕಾಡಿಗೆ ಏನೂ ಆಗಿಲ್ಲವೆಂದು ಅನಿಸುತ್ತದೆ. ಈ ನೊಣಹಿಡುಕಕ್ಕೆ ಮಾತ್ರ ಕೂರುವ ಕಡ್ಡಿ, ಗೂಡಿನ ಪೊದೆ, ಹುಳ ಹುಟ್ಟುವ ತರಗೆಲೆ ಮೂರೂ ಒಂದೇ ದಿನದಲ್ಲಿ ಹೋಗಿರುತ್ತವೆ.

ಎಲ್ಲೆಯ ಉದ್ದಕ್ಕೂ ಕೆಲವು ಮೀಟರ್ ಅಗಲದ ಪಟ್ಟಿಯನ್ನು ಕತ್ತಿ ತಾಗಿಸದೆ ಬಿಡಿ. ತರಗೆಲೆಯನ್ನು ಗುಡಿಸಿ ಸುಡಬೇಡಿ. ಬೇಲಿಯ ಅಂಚಿಗೆ ಕೀಟನಾಶಕ ಸಿಂಪಡಿಸುವುದನ್ನು ನಿಲ್ಲಿಸಿ, ಕೀಟವನ್ನೇ ನಂಬಿದ ಹಕ್ಕಿಗೆ ಅದು ನೇರವಾಗಿ ಅನ್ನಕ್ಕೆ ಬೀಳುವ ಏಟು. ನೆಲಮಟ್ಟದಲ್ಲಿ ಬೇಟೆಯಾಡುವ ಹಕ್ಕಿಯಾದ್ದರಿಂದ ಸಾಕುಬೆಕ್ಕನ್ನು ಮುಂಜಾನೆ ಒಳಗಿರಿಸಿಕೊಳ್ಳುವುದೂ ಉಪಕಾರ. ಒಂದು ಎಚ್ಚರ ಇಲ್ಲಿಯೂ ಬೇಕು: ಪೊದೆಯೆಂದ ಮಾತ್ರಕ್ಕೆ ಎಲ್ಲವೂ ಉಳಿಯಬೇಕಾದದ್ದಲ್ಲ. ಹೊರಗಿನಿಂದ ಬಂದು ಹಬ್ಬಿರುವ ಹಳದಿ ಹೂವಿನ ಸ್ಕಾಚ್ ಬ್ರೂಮ್ ಮತ್ತು ಲಂಟಾನದಂಥ ಗಿಡಗಳನ್ನು ತೆಗೆಯುವುದೇ ಸರಿ, ಆದರೆ ಅದನ್ನು ಸಂತಾನದ ಕಾಲ ಮುಗಿದ ಮೇಲೆ, ಸ್ಥಳೀಯ ಗಿಡ ಯಾವುದು ಹೊರಗಿನದು ಯಾವುದು ಎಂದು ಬಲ್ಲವರನ್ನು ಜೊತೆಗಿಟ್ಟುಕೊಂಡು, ತುಂಡು ತುಂಡಾಗಿ ಮಾಡಿ.

ಕಂಡದ್ದನ್ನು ಬರೆದಿಡುವುದು

ಕಾಡಿನಿಂದ ಹೊರಬರುವ ಮುನ್ನವೇ ಬರೆಯಿರಿ, ಕೋಣೆಗೆ ಬಂದ ಮೇಲೆ ಬರೆದದ್ದರಲ್ಲಿ ಅರ್ಧ ಊಹೆ ಸೇರಿರುತ್ತದೆ. ದಿನಾಂಕ, ಹೊತ್ತು, ಜಾಗ, ಸಮುದ್ರಮಟ್ಟದಿಂದ ಎತ್ತರ ಇವು ಎಲ್ಲರೂ ಬರೆಯುವಂಥವು. ಅವುಗಳ ಜೊತೆಗೆ ಹಕ್ಕಿ ನೆಲದಿಂದ ಎಷ್ಟು ಎತ್ತರದಲ್ಲಿ ಕುಳಿತಿತ್ತು, ಯಾವ ಗಿಡದ ಮೇಲೆ, ಗಂಡೋ ಹೆಣ್ಣೋ, ಹುಳವನ್ನು ನೆಲದಿಂದ ಹಿಡಿಯಿತೋ ಗಾಳಿಯಲ್ಲೋ ಎಂಬುದನ್ನೂ ಸೇರಿಸಿ. ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳ ಪಟ್ಟಿ ಹಾಕುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿಯನ್ನು ದಾಖಲಿಸುವಾಗ ಕಂಡ ಸಂಖ್ಯೆಯನ್ನು ನಮೂದಿಸಿ, ಇಪ್ಪತ್ತು ನಿಮಿಷ ಕುಳಿತೂ ಹಕ್ಕಿ ಸಿಗದ ದಿನದ ಪಟ್ಟಿಯನ್ನೂ ತಪ್ಪದೆ ಹಾಕಿ. ಅಲ್ಲಿದ್ದ ಇತರ ಹಕ್ಕಿಗಳ ಲೆಕ್ಕವೂ, ಇದು ಇರಲಿಲ್ಲವೆಂಬ ಸಂಗತಿಯೂ ಮುಂದೆ ಈ ಬೆಟ್ಟಗಳ ಹಕ್ಕಿಗಳನ್ನು ಅಧ್ಯಯನ ಮಾಡುವವರಿಗೆ ಬೇಕಾಗುತ್ತವೆ.

ನೀವು ಕುಳಿತಿದ್ದ ಮರದ ಅಥವಾ ಬಂಡೆಯ ಗುರುತನ್ನು ಪುಟದ ಅಂಚಿನಲ್ಲಿ ಸಣ್ಣ ನಕ್ಷೆಯಾಗಿ ಬರೆದುಕೊಳ್ಳಿ. ಈ ಹಕ್ಕಿ ತನ್ನ ನೆಲೆಯನ್ನು ಬಿಟ್ಟು ದೂರ ಹೋಗುವುದಿಲ್ಲ. ಅಲ್ಲಿನ ಪೊದೆಯನ್ನು ಯಾರೂ ಸವರದಿದ್ದರೆ, ಮುಂದಿನ ವರ್ಷವೂ ಅದೇ ಜಾಗದಲ್ಲಿ ಕುಳಿತು, ಅದೇ ಎತ್ತರದಲ್ಲಿ ನೋಡಬಹುದು.